ಸಹಾಯ ಬೇಕು: ಹತ್ತನೇ ತರಗತಿಗೆ ಕಮಿಷನರ್ ಆಳ್ವಿಕೆಯ ಪಾಠ

ಎಲ್ಲರಿಗೂ ನಮಸ್ಕಾರ. ಅರಸರ ಬದಲು ಬ್ರಿಟಿಷ್ ಕಮಿಷನರ್‌ಗಳು ಮೈಸೂರನ್ನು ಆಳಿದ ಕಮಿಷನರ್ ಆಳ್ವಿಕೆ (1831–1881) ಕುರಿತು 40 ನಿಮಿಷದ ಎರಡು ಪೀರಿಯಡ್‌ಗೆ ಪಾಠ ಸಿದ್ಧವಾಗುತ್ತಿದೆ. ದಾಖಲೆ ಬೇಕಾಗಿದೆ.

‘ಒಳಿತು–ಕೆಡುಕು’ ಎಂದು ಬೋರ್ಡಿನಲ್ಲಿ ಎರಡು ಕಾಲಂ ಹಾಕುವ ಪದ್ಧತಿ ಬೇಡ. 1864ರ ಬೆಂಗಳೂರು–ಜೋಲಾರ್‌ಪೇಟೆ ರೈಲು ಒಂದು ಕಡೆ, 1876–78ರ ಬರ ಇನ್ನೊಂದು ಕಡೆ ಬರೆದರೆ ಮಕ್ಕಳು ‘ಎರಡೂ ಸಮ’ ಎಂದು ಮುಗಿಸುತ್ತಾರೆ. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ಕ್ಕೆ 41.8 ಲಕ್ಷಕ್ಕಿಳಿಯಿತು. ಇದಕ್ಕೆ ಯಾವ ರೈಲು ಸಮ?

ನಗರ ದಂಗೆಯಿಂದ (ಇಂದಿನ ಶಿವಮೊಗ್ಗ ಜಿಲ್ಲೆ ಕಡೆಯ ನಗರ ಸೀಮೆಯ ರೈತರ ಬಂಡಾಯ) ಶುರು ಮಾಡುವುದೇ ಮೇಲು. 1830ರಲ್ಲಿ ರೈತರು ಕೂಟ ಸೇರಿದ್ದು ಅರಸರ ಅಧಿಕಾರಿಗಳ ಕಂದಾಯ ವಸೂಲಿಯ ವಿರುದ್ಧ. ಅಡಗಿಸಲು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವೂ ಬಂತು. 1831ರಲ್ಲಿ ಅದೇ ದಂಗೆಯನ್ನು ಮುಂದೊಡ್ಡಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು. ಅರಸರ ಲೋಪ ಮುಚ್ಚಿಡಬೇಕಿಲ್ಲ. ಆದರೆ 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ (ಕಪ್ಪ) ಕಟ್ಟುತ್ತಿತ್ತೆಂಬುದನ್ನು ಮೊದಲೇ ಹೇಳದಿದ್ದರೆ, ಬೊಕ್ಕಸದ ಒತ್ತಡ ಎಲ್ಲಿಂದ ಬಂತೆಂದೇ ಮಕ್ಕಳಿಗೆ ತಿಳಿಯದು. ಪಾಠ ಹಳ್ಳ ಹಿಡಿಯುವುದು ಇಲ್ಲೇ.

ಶಿವಮೊಗ್ಗ, ಹೊಸನಗರ ಕಡೆಯವರಲ್ಲಿ ವಿನಂತಿ: ಕೂಟದ ರೈತರ ಅರ್ಜಿ, ಪತ್ರಗಳ ಕನ್ನಡ ಪಠ್ಯ ಇದ್ದರೆ ಕಳಿಸಿ. ಅರ್ಧ ಪುಟ ಸಾಕು, ಅದಕ್ಕಿಂತ ಉದ್ದವಾದರೆ ತರಗತಿಯಲ್ಲಿ ಓದಿ ಮುಗಿಯದು. ಮೋಡಿ ಲಿಪಿಯಲ್ಲಿದ್ದರೆ (ಹಳೆಯ ದಾಖಲೆಗಳ ಕೂಡುಬರಹ) ಲಿಪ್ಯಂತರವೂ ಬೇಕು. ಯಾರು ಬರೆದದ್ದು, ಯಾರಿಗೆ, ಯಾವ ವರ್ಷ ಎಂಬುದು ಇಲ್ಲದ ಫಾರ್ವರ್ಡ್ ಚಿತ್ರಗಳು ದಯವಿಟ್ಟು ಬೇಡ.

‘ದಂಗೆಯಿಂದ ಯಾರಿಗೆ ಲಾಭವಾಯಿತು?’ ಎಂಬ 4 ಅಂಕದ ಪ್ರಶ್ನೆಗೆ ಅಂಕ ಹಂಚುವ ಮಾದರಿ ಇದ್ದರೆ ಅದನ್ನೂ ಹಾಕಿ.