ಒಂದೇ ಫಾಂಟ್, ಅಂಕಿ ಮಾತ್ರ ಎರಡು ತರ: ಮಳೆ ಲೆಕ್ಕದ ಪುಸ್ತಕ ಅರ್ಧಕ್ಕೆ ನಿಂತಿದೆ

ಮೂಡಿಗೆರೆ_ಮಳೆಪುಸ್ತಕ
ಭಾನುವಾರ, ರಾತ್ರಿ 9:40

ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಇಡೀ ಫೈಲಿಗೆ ಒಂದೇ ಫಾಂಟ್ ಹಾಕಿದ್ದೇನೆ. ಕನ್ನಡ ಚೆನ್ನಾಗಿಯೇ ಬರುತ್ತಿದೆ. ಅಂಕಿಗಳು ಮಾತ್ರ ಕೆಲವು ಕಡೆ ದಪ್ಪ, ಕೆಲವು ಕಡೆ ಸಣ್ಣ. ಟೇಬಲ್‌ನಲ್ಲಿ ಚುಕ್ಕಿಯ ಕೆಳಗೆ ಚುಕ್ಕಿ ನಿಲ್ಲುತ್ತಿಲ್ಲ. ಕನ್ನಡ ಪದದ ಮೇಲೆ ಕರ್ಸರ್ ಇಟ್ಟು ಮತ್ತೆ ಅದೇ ಫಾಂಟ್ ಕೊಟ್ಟೆ, ಏನೂ ಆಗಲಿಲ್ಲ. ಫಾಂಟ್ ತೆಗೆದು ಮತ್ತೆ ಹಾಕಿದೆ, ಅದೂ ಆಯಿತು. ಮುಂದಿನ ವಾರ ಪ್ರೆಸ್ಸಿಗೆ ಕೊಡಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಳೆನರಸೀಪುರ_ವರ್ಡ್
ಭಾನುವಾರ, ರಾತ್ರಿ 10:05

ಇದು ಸುಲಭ ಸಾರ್. ಅಂಕಿ ಸೆಲೆಕ್ಟ್ ಮಾಡಿ ಕಂಟ್ರೋಲ್ ಡಿ ಒತ್ತಿ. ಫಾಂಟ್ ಬಾಕ್ಸ್ ತೆರೆಯುತ್ತದೆ. ಅಡ್ವಾನ್ಸ್ಡ್ ಅನ್ನೋ ಎರಡನೇ ಟ್ಯಾಬ್‌ಗೆ ಹೋಗಿ. ಕೆಳಗೆ ಓಪನ್‌ಟೈಪ್ ಫೀಚರ್ಸ್ ಇದೆ. ನಂಬರ್ ಸ್ಪೇಸಿಂಗ್‌ನಲ್ಲಿ ಟ್ಯಾಬ್ಯುಲರ್, ನಂಬರ್ ಫಾರ್ಮ್ಸ್‌ನಲ್ಲಿ ಲೈನಿಂಗ್ ಹಾಕಿ. ಪ್ರೊಪೋರ್ಷನಲ್ ಇದ್ದರೆ 1ಕ್ಕೆ ಕಡಿಮೆ ಜಾಗ, 8ಕ್ಕೆ ಜಾಸ್ತಿ ಜಾಗ, ಅದಕ್ಕೇ ಸಾಲು ತಪ್ಪುತ್ತದೆ. ಟ್ಯಾಬ್ಯುಲರ್ ಆದರೆ ಹತ್ತೂ ಅಂಕಿಗೆ ಒಂದೇ ಅಗಲ. 2010ರ ವರ್ಡ್‌ನಿಂದ ಇದು ಇದೆ.

ಮೂಡಿಗೆರೆ_ಮಳೆಪುಸ್ತಕ
ಭಾನುವಾರ, ರಾತ್ರಿ 10:31

ಕಂಟ್ರೋಲ್ ಡಿ ಒತ್ತಿದರೆ ಅಂಕಿಗೆ ಅಡಿಗೆರೆ ಬರುತ್ತದೆ, ಎರಡೆರಡು ಗೆರೆ. ಅಡ್ವಾನ್ಸ್ಡ್ ಅನ್ನೋ ಟ್ಯಾಬ್ ಎಲ್ಲೂ ಕಾಣಲಿಲ್ಲ.

ಅಚ್ಚುಮೊಳೆ
ಭಾನುವಾರ, ರಾತ್ರಿ 10:50

ಇದು ನುಡಿ ಫಾಂಟಿನ ಕೆಲಸ. ಹಾಸನದಲ್ಲಿ ಎಷ್ಟೋ ವರ್ಷ ಡಿಟಿಪಿ ಮಾಡಿದವನು ನಾನು, ಇಂಥ ಫೈಲುಗಳನ್ನು ದಿನಾ ನೋಡಿದ್ದೇನೆ. ಹಳೇ ನುಡಿ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಕೂತಿರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಅದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಧಂಬರ್ಧ ಉಳಿದುಬಿಡುತ್ತದೆ. ನಿಮ್ಮ ಅಂಕಿಗಳು ಹಾಗೆ ಉಳಿದವು. ಮೊದಲಿಂದ ಕನ್ವರ್ಟ್ ಮಾಡಿ.

ಮೂಡಿಗೆರೆ_ಮಳೆಪುಸ್ತಕ
ಭಾನುವಾರ, ರಾತ್ರಿ 11:02

ನುಡಿ ನಾನು ಮುಟ್ಟೇ ಇಲ್ಲ ಸಾರ್. ಅರ್ಧ ಫೋನಿನಲ್ಲಿ ಟೈಪ್ ಮಾಡಿದೆ, ಉಳಿದದ್ದು ಲ್ಯಾಪ್‌ಟಾಪ್‌ನಲ್ಲಿ.

ಅಚ್ಚುಮೊಳೆ
ಸೋಮವಾರ, ಬೆಳಿಗ್ಗೆ 6:15

ಯಾರೋ ಕಳಿಸಿದ್ದನ್ನು ಪೇಸ್ಟ್ ಮಾಡಿರಬಹುದು, ನೆನಪಿಲ್ಲದೆ ಇರಬಹುದು. ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಸಾಲಿಗೆ ಇಂಗ್ಲಿಷಿನ ಯಾವುದಾದರೂ ಫಾಂಟ್ ಕೊಡಿ. ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಅದು ನುಡಿಯೇ.

ಮೂಡಿಗೆರೆ_ಮಳೆಪುಸ್ತಕ
ಸೋಮವಾರ, ಬೆಳಿಗ್ಗೆ 8:20

ಮಾಡಿದೆ. ಕನ್ನಡ ಕನ್ನಡವಾಗಿಯೇ ಉಳಿಯಿತು.

ಅಚ್ಚುಮೊಳೆ
ಸೋಮವಾರ, ಬೆಳಿಗ್ಗೆ 8:44

ಬೇರೆ ಬೇರೆ ಪುಟದಲ್ಲಿ ನೋಡಿ. ಒಂದೆರಡು ಸೆಲ್‌ನಲ್ಲಿ ಮಾತ್ರ ಉಳಿದಿರುತ್ತದೆ.

ಬೇಲೂರು_ಬಿಡಿಅಕ್ಷರ
ಸೋಮವಾರ, ಬೆಳಿಗ್ಗೆ 9:10

ಕನ್ನಡ ಪುಸ್ತಕಕ್ಕೆ ಕನ್ನಡ ಅಂಕಿಯನ್ನೇ ಹಾಕಬಾರದೇ? ೧, ೨, ೩ ಹಾಕಿ, ನಿಮ್ಮ ತೊಂದರೆಯೇ ಇರುವುದಿಲ್ಲ. ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿ. ಅಂಥ ಸೀಮೆಯಲ್ಲಿ ಕೂತು ಅಂಕಿಯನ್ನು ಬಿಟ್ಟುಕೊಡುವುದು ನನಗೆ ಬೇಜಾರು ತರಿಸುತ್ತದೆ.

ಹೊಳೆನರಸೀಪುರ_ವರ್ಡ್
ಸೋಮವಾರ, ಬೆಳಿಗ್ಗೆ 9:32

ಓದುವವರಿಗೆ ತೊಂದರೆ ಆಗುತ್ತದೆ. ನಮ್ಮ ಮನೆ ಮಕ್ಕಳಿಗೆ ೬ ಯಾವುದು, ೯ ಯಾವುದು ಅಂತ ತಿಳಿಯುವುದಿಲ್ಲ.

ಬೇಲೂರು_ಬಿಡಿಅಕ್ಷರ
ಸೋಮವಾರ, ಬೆಳಿಗ್ಗೆ 9:40

ಹಾಕದಿದ್ದರೆ ಹೇಗೆ ತಿಳಿಯುತ್ತದೆ? ಬಸ್ಸಿನ ಬೋರ್ಡಿನಲ್ಲಿ ನೋಡಿಯೇ ನಾನು ಕಲಿತದ್ದು.

ಅಚ್ಚುಮೊಳೆ
ಸೋಮವಾರ, ಬೆಳಿಗ್ಗೆ 9:58

ಕನ್ನಡ ಅಂಕಿ ಹಾಕಿದರೆ ಇನ್ನೊಂದು ಅಪಾಯ ಇದೆ. ಸೊನ್ನೆ ೦ ಮತ್ತು ಅನುಸ್ವಾರ ಂ ಎರಡೂ ನೋಡಲು ಒಂದೇ. ಜನ ಅನುಸ್ವಾರದ ಜಾಗಕ್ಕೆ ಸೊನ್ನೆ ಒತ್ತುತ್ತಾರೆ. ಕಾಗದದಲ್ಲಿ ಗೊತ್ತಾಗುವುದಿಲ್ಲ, ಹುಡುಕಲು ಹೋದರೆ ಪದ ಸಿಗುವುದಿಲ್ಲ. ಪ್ರೂಫ್ ತಿದ್ದುವಾಗ ಇದರಿಂದ ಪಟ್ಟ ಕಷ್ಟ ನನಗೆ ಗೊತ್ತು.

ಅರಸೀಕೆರೆ_ಲೇಸರ್
ಸೋಮವಾರ, ಬೆಳಿಗ್ಗೆ 11:15

ಸ್ಕ್ರೀನ್ ನೋಡಿ ತೀರ್ಮಾನ ಮಾಡಬೇಡಿ. 1200 ಡಿಪಿಐ ಲೇಸರ್‌ನಲ್ಲಿ ಒಂದು ಪುಟ ತೆಗೆದು ನೋಡಿ. ನಾನು ಈಗ 27 ಇಂಚಿನ 4ಕೆ ಮಾನಿಟರ್ ಹಾಕಿಕೊಂಡಿದ್ದೇನೆ, ಪಕ್ಕದಲ್ಲಿ ಹಳೇದನ್ನು ಉದ್ದಕ್ಕೆ ತಿರುಗಿಸಿ ಇಟ್ಟಿದ್ದೇನೆ. ಎ4 ಪುಟ ಪೂರ್ತಿ ಅದರಲ್ಲಿ ಕಾಣುತ್ತದೆ. ಒತ್ತಕ್ಷರದ ಅಂಚು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಹಳೇ ಮಾನಿಟರಿಗೆ ವಾಪಸ್ ಹೋಗಲು ಮನಸ್ಸೇ ಬರುವುದಿಲ್ಲ.

ಹೊಳೆನರಸೀಪುರ_ವರ್ಡ್
ಸೋಮವಾರ, ಬೆಳಿಗ್ಗೆ 11:30

ಯಾವ ಮಾನಿಟರ್ ಅಣ್ಣ? ನಾನೂ ನೋಡುತ್ತಿದ್ದೇನೆ.

ತರೀಕೆರೆ_ತಂತ್ರಾಂಶ
ಸೋಮವಾರ, ಸಂಜೆ 7:05

ಮಾನಿಟರ್ ಮಾತಿಗೆ ಬೇರೆ ಚರ್ಚೆ ಶುರು ಮಾಡಿ, ದಯವಿಟ್ಟು. ಮಳೆಪುಸ್ತಕದವರೇ, ನೀವು ಇನ್ನೂ ಮುಖ್ಯ ವಿಷಯ ಹೇಳಿಲ್ಲ. ಯಾವ ಸಾಫ್ಟ್‌ವೇರ್? ಕಂಟ್ರೋಲ್ ಡಿ ಒತ್ತಿದರೆ ಎರಡು ಅಡಿಗೆರೆ ಬಂತು ಅಂದಿರಿ. ಅದು ವರ್ಡ್ ಅಲ್ಲ, ಲಿಬ್ರೆಆಫೀಸ್ ರೈಟರ್ ಅಲ್ವಾ? ಇನ್ನೊಂದು: ದಪ್ಪ ಅಂಕಿ ಯಾವ ಸೆಲ್‌ನಲ್ಲಿದೆ, ಸಣ್ಣ ಅಂಕಿ ಯಾವ ಸೆಲ್‌ನಲ್ಲಿದೆ? ನಾಲ್ಕು ಸಾಲು ಹಾಗೇ ಇಲ್ಲಿ ಬರೆಯಿರಿ.

ಮೂಡಿಗೆರೆ_ಮಳೆಪುಸ್ತಕ
ಸೋಮವಾರ, ರಾತ್ರಿ 8:50

ಹೌದು, ರೈಟರ್. ಎಲ್ಲರೂ ಅದನ್ನೇ ಬಳಸುತ್ತಾರೆ ಅಂದುಕೊಂಡು ಬರೆಯಲಿಲ್ಲ, ಕ್ಷಮಿಸಿ.

ಪುಸ್ತಕದ ವಿಷಯ ಹೇಳಿಬಿಡುತ್ತೇನೆ. ನಮ್ಮ ಅಜ್ಜ ತೋಟದಲ್ಲಿ ಮಳೆ ಅಳೆದು 1971ರಿಂದ 1998ರವರೆಗೆ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಕಾಫಿಗೆ ಮುಂಚೆ ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಜಾಡಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೋಡುತ್ತಿದ್ದರು. ಇಂಚು, ಸೆಂಟಿನ ಲೆಕ್ಕ. 1.05 ಅಂದರೆ ಒಂದು ಇಂಚು ಐದು ಸೆಂಟು. ಪುಸ್ತಕದ ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ, ಅದಕ್ಕೇ ಟೈಪ್ ಮಾಡಿ ಮನೆಯವರಿಗೆಲ್ಲ ಒಂದೊಂದು ಪ್ರತಿ ಕೊಡೋಣ ಅಂತ.

ಸಾಲುಗಳು ಹೀಗಿವೆ:

ಹೂಮಳೆ 1.05: ದಪ್ಪ
0.20: ಸಣ್ಣ
ಆರಿದ್ರಾ 18.40: ದಪ್ಪ
11.15: ಸಣ್ಣ

ಬರೆಯುತ್ತಾ ಬರೆಯುತ್ತಾ ನನಗೇ ಕಾಣುತ್ತಿದೆ. ಕನ್ನಡ ಪದ ಇರುವ ಕಡೆ ಎಲ್ಲ ದಪ್ಪ.

ಅಚ್ಚುಮೊಳೆ
ಸೋಮವಾರ, ರಾತ್ರಿ 9:05

ಆ ಕನ್ನಡ ಪದಗಳು ನುಡಿಯಿಂದ ಬಂದಿರುತ್ತವೆ, ಅದಕ್ಕೇ.

ತರೀಕೆರೆ_ತಂತ್ರಾಂಶ
ಸೋಮವಾರ, ರಾತ್ರಿ 9:48

ಇಲ್ಲ ಸಾರ್, ಇದು ನುಡಿ ಅಲ್ಲ. ಪರೀಕ್ಷೆಯಲ್ಲಿ ಕನ್ನಡ ಹಾಗೇ ಉಳಿಯಿತಲ್ಲ, ಆ ವಿಷಯ ಅಲ್ಲಿಗೆ ಮುಗಿಯಿತು.

ರೈಟರ್ ಪ್ರತಿ ಅಕ್ಷರಶೈಲಿಗೂ ಒಂದೇ ಫಾಂಟ್ ಇಟ್ಟುಕೊಳ್ಳುವುದಿಲ್ಲ. ಇಂಗ್ಲಿಷಿನಂಥ ಲಿಪಿಗೆ ವೆಸ್ಟರ್ನ್ ಫಾಂಟ್ ಒಂದು. ಕನ್ನಡ, ಹಿಂದಿ, ಅರಬ್ಬಿಗೆ ಸಿಟಿಎಲ್ ಫಾಂಟ್ ಇನ್ನೊಂದು. ಸಿಟಿಎಲ್ ಅಂದರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್. ಚೀನಾ, ಜಪಾನ್ ಕಡೆಯದಕ್ಕೆ ಮೂರನೆಯದು. ಹೆಸರು ಮಾತ್ರ ಅಲ್ಲ, ಗಾತ್ರ, ಬೋಲ್ಡ್ ಕೂಡ ಬೇರೆ ಬೇರೆ.

ಈಗ 1, 2, 3 ಯಾರ ಕಡೆ? ಅವು ಎರಡೂ ಕಡೆ ಬಳಕೆಯಾಗುತ್ತವೆ. ಅದಕ್ಕೆ ರೈಟರ್ ಅಕ್ಕಪಕ್ಕ ನೋಡುತ್ತದೆ. ಅಂಕಿಗೆ ಮುಂಚೆ ಕನ್ನಡ ಇದ್ದರೆ ಅಂಕಿಯೂ ಸಿಟಿಎಲ್ ಫಾಂಟಿಗೆ ಹೋಗುತ್ತದೆ. ಪ್ಯಾರಾ ಅಂಕಿಯಿಂದಲೇ ಶುರುವಾದರೆ ಮುಂದೆ ಬರುವ ಪದ ನೋಡುತ್ತದೆ, "20 ಸೆಂಟು" ಅಂತ ಬರೆದಹಾಗೆ. ಸುತ್ತ ಯಾವ ಪದವೂ ಇಲ್ಲದೆ ಬರೀ 11.15 ಅಂತ ಇದ್ದರೆ ಸಾಫ್ಟ್‌ವೇರಿನ ಭಾಷೆಯನ್ನು ಹಿಡಿಯುತ್ತದೆ. ನಿಮ್ಮದು ಇಂಗ್ಲಿಷ್ ಇರಬೇಕು, ಹಾಗಾಗಿ ವೆಸ್ಟರ್ನ್ ಫಾಂಟ್. ಟೇಬಲ್‌ನ ಒಂದೊಂದು ಸೆಲ್ಲೂ ಬೇರೆ ಪ್ಯಾರಾ, ಮೇಲಿನ ಸೆಲ್‌ನ ಕನ್ನಡ ಕೆಳಗಿನದಕ್ಕೆ ಲೆಕ್ಕಕ್ಕಿಲ್ಲ.

ನೀವು ಫಾಂಟ್ ಕೊಟ್ಟಿದ್ದು ಕನ್ನಡದ ಮೇಲೆ ಕರ್ಸರ್ ಇಟ್ಟಾಗ. ಅದು ಸಿಟಿಎಲ್‌ಗೆ ಹೋಯಿತು. ವೆಸ್ಟರ್ನ್‌ನಲ್ಲಿ ರೈಟರ್ ತಾನಾಗಿ ಇಡುವ ಲಿಬರೇಶನ್ ಸೆರಿಫ್ ಫಾಂಟ್ ಹಾಗೇ ಕೂತಿದೆ.

ಹೀಗೆ ಮಾಡಿ. ಮೊದಲು ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಕಡೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಸಿಟಿಎಲ್ ಫಾಂಟಿನ ಜಾಗವೇ ಕಾಣುವುದಿಲ್ಲ. ಆಮೇಲೆ ಎಫ್11 ಒತ್ತಿ, ಟೇಬಲ್‌ಗೆ ಬಳಸಿದ ಪ್ಯಾರಾ ಸ್ಟೈಲ್ ತೆರೆದು ಎರಡೂ ಫಾಂಟ್ ಏನಿದೆ ಅಂತ ಇಲ್ಲಿ ಬರೆಯಿರಿ.

ಮೂಡಿಗೆರೆ_ಮಳೆಪುಸ್ತಕ
ಮಂಗಳವಾರ, ಬೆಳಿಗ್ಗೆ 7:10

ಟಿಕ್ ಇರಲಿಲ್ಲ! ಹಾಕಿದ ಮೇಲೆ ಕಾಣಿಸಿತು. ವೆಸ್ಟರ್ನ್: ಲಿಬರೇಶನ್ ಸೆರಿಫ್ 12. ಸಿಟಿಎಲ್: ನನ್ನ ಕನ್ನಡ ಫಾಂಟ್, 13. ನೀವು ಹೇಳಿದ ಹಾಗೇ ಇದೆ.

ಎರಡಕ್ಕೂ ಕನ್ನಡ ಫಾಂಟನ್ನೇ ಕೊಟ್ಟು 13 ಮಾಡಿದೆ. ಅಂಕಿಗಳೆಲ್ಲ ಒಂದೇ ತರ ಆದವು. ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲು ಬರುವುದಿಲ್ಲ. ಆದರೆ ಚುಕ್ಕಿ ಇನ್ನೂ ಸಾಲಾಗಿಲ್ಲ. 11.15 ಒಳಗೆ ಸರಿದಿದೆ, 18.40 ಹೊರಗೆ ಚಾಚಿದೆ.

ಹೊಳೆನರಸೀಪುರ_ವರ್ಡ್
ಮಂಗಳವಾರ, ಬೆಳಿಗ್ಗೆ 7:35

ನಾನು ಮೊದಲೇ ಹೇಳಿದ್ದು ಅದೇ. ಪ್ರೊಪೋರ್ಷನಲ್ ಅಂಕಿ. 1 ಸಣ್ಣದು.

ತರೀಕೆರೆ_ತಂತ್ರಾಂಶ
ಮಂಗಳವಾರ, ಬೆಳಿಗ್ಗೆ 8:02

ಇದರಲ್ಲಿ ಹೊಳೆನರಸೀಪುರದವರ ಮಾತು ಸರಿ. ಎರಡು ತೊಂದರೆ ಒಂದರ ಮೇಲೊಂದು ಕೂತಿದ್ದವು.

ರೈಟರ್‌ನಲ್ಲಿ ಕ್ಯಾರೆಕ್ಟರ್ ಬಾಕ್ಸ್‌ನ ಫಾಂಟ್ ಟ್ಯಾಬ್‌ನಲ್ಲಿ ಫೀಚರ್ಸ್ ಅನ್ನೋ ಬಟನ್ ಇದೆ, 6.2ನೇ ಆವೃತ್ತಿಯಿಂದ. ಒತ್ತಿದರೆ ಆ ಫಾಂಟ್ ಮಾಡಿದವರು ಏನೇನು ಸೇರಿಸಿದ್ದಾರೋ ಅದರ ಪಟ್ಟಿ ಬರುತ್ತದೆ. ಟ್ಯಾಬ್ಯುಲರ್ ನಂಬರ್ಸ್ ಇದ್ದರೆ ಟಿಕ್ ಹಾಕಿ. ಫಾಂಟ್ ಹೆಸರಿನ ಮುಂದೆ ಎರಡು ಚುಕ್ಕಿ, ಟಿನಮ್ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿಕೊಳ್ಳುತ್ತದೆ. ಆದರೆ ಫಾಂಟಿನಲ್ಲೇ ಇಲ್ಲದ್ದನ್ನು ಸಾಫ್ಟ್‌ವೇರ್ ಹುಟ್ಟಿಸುವುದಿಲ್ಲ. ವರ್ಡ್‌ನಲ್ಲೂ ಅಷ್ಟೇ.

ಮೂಡಿಗೆರೆ_ಮಳೆಪುಸ್ತಕ
ಮಂಗಳವಾರ, ಬೆಳಿಗ್ಗೆ 8:30

ಪಟ್ಟಿಯಲ್ಲಿ ಲಿಗೇಚರ್, ಕರ್ನಿಂಗ್ ಇದೆ. ಟ್ಯಾಬ್ಯುಲರ್ ಇಲ್ಲ.

ತರೀಕೆರೆ_ತಂತ್ರಾಂಶ
ಮಂಗಳವಾರ, ಮಧ್ಯಾಹ್ನ 1:20

ಹಾಗಾದರೆ ದಾರಿ ಬದಲಿಸೋಣ. ಮಳೆಯ ಹೆಸರಿಗೆ ಒಂದು ಕಾಲಂ, ಅಂಕಿಗೆ ಇನ್ನೊಂದು ಕಾಲಂ ಮಾಡಿ. ಆಗ ಅಂಕಿಯ ಸೆಲ್‌ನಲ್ಲಿ ಕನ್ನಡ ಇರುವುದೇ ಇಲ್ಲ, ಎಲ್ಲವೂ ವೆಸ್ಟರ್ನ್ ಫಾಂಟಿಗೆ ಹೋಗುತ್ತವೆ. ಆ ಕಾಲಂಗೆ ಬೇರೆ ಪ್ಯಾರಾ ಸ್ಟೈಲ್ ಮಾಡಿ ವೆಸ್ಟರ್ನ್‌ನಲ್ಲಿ ಲಿಬರೇಶನ್ ಸೆರಿಫ್ ವಾಪಸ್ ಇಡಿ. ಅದರ ಅಂಕಿಗಳೆಲ್ಲ ಹುಟ್ಟಾ ಒಂದೇ ಅಗಲ. ಚೆಂದ ಬೇಕಾದರೆ ಇಬಿ ಗ್ಯಾರಮಂಡ್ ಹಾಕಿ, ಅದರಲ್ಲಿ ಟಿನಮ್ ಇದೆ.

ಚುಕ್ಕಿಯ ಮುಂದೆ ಯಾವಾಗಲೂ ಎರಡು ಅಂಕಿ ಬರೆಯಿರಿ. 1.5 ಬೇಡ, 1.50. ಆಗ ಬಲಕ್ಕೆ ಅಲೈನ್ ಮಾಡಿದರೆ ಸಾಕು. ಇಲ್ಲದಿದ್ದರೆ ಚುಕ್ಕಿಗಳನ್ನು ಸಾಲಾಗಿ ನಿಲ್ಲಿಸುವ ಡೆಸಿಮಲ್ ಟ್ಯಾಬ್ ಇಟ್ಟು, ಪ್ರತಿ ಸೆಲ್‌ನಲ್ಲೂ ಕಂಟ್ರೋಲ್ ಜೊತೆ ಟ್ಯಾಬ್ ಒತ್ತಬೇಕು. ಬರೀ ಟ್ಯಾಬ್ ಒತ್ತಿದರೆ ಪಕ್ಕದ ಸೆಲ್‌ಗೆ ಹಾರುತ್ತದೆ.

ಬೇಲೂರಿನವರು ಹೇಳಿದ ಕನ್ನಡ ಅಂಕಿಯನ್ನೂ ತಳ್ಳಿಹಾಕಬೇಡಿ. ೧, ೨ ಕನ್ನಡ ಲಿಪಿಗೇ ಸೇರಿದವು. ಪಕ್ಕದಲ್ಲಿ ಏನೇ ಇರಲಿ, ಸಿಟಿಎಲ್ ಫಾಂಟಿಗೇ ಹೋಗುತ್ತವೆ. ಅಗಲ ಸಮ ಇದೆಯಾ ಅನ್ನೋದನ್ನು ಮಾತ್ರ ಫಾಂಟಿನಲ್ಲಿ ನೋಡಿಕೊಳ್ಳಬೇಕು.

ಬೇಲೂರು_ಬಿಡಿಅಕ್ಷರ
ಮಂಗಳವಾರ, ಮಧ್ಯಾಹ್ನ 2:00

ಧನ್ಯವಾದ. ಇನ್ನೊಂದು ವಿಷಯ ಕೇಳಬೇಕು. ಪುನರ್ವಸು ಮಳೆಯನ್ನು ಹೇಗೆ ಬರೆದಿದ್ದೀರಿ? ಅರ್ಕಾವೊತ್ತು ಇಟ್ಟೋ, ಪುನರ‍್ವಸು ಅಂತ ರ ಬರೆದು ವ ಒತ್ತು ಕೊಟ್ಟೋ? ಎರಡನೆಯದೇ ಸರಿ. ಬಾಯಲ್ಲಿ ಮೊದಲು ಬರೋದು ರ.

ಅಚ್ಚುಮೊಳೆ
ಮಂಗಳವಾರ, ಮಧ್ಯಾಹ್ನ 2:25

ಅರ್ಕಾವೊತ್ತು ನಮ್ಮ ಹಿರಿಯರು ಬರೆದುಕೊಂಡು ಬಂದದ್ದು. ಮೊಳೆ ಜೋಡಿಸುವ ಕಾಲದಲ್ಲೂ ಅದಕ್ಕೆ ಬೇರೆ ಮೊಳೆಯೇ ಇತ್ತು. ಸರಿ ಇಲ್ಲ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಬೇಲೂರು_ಬಿಡಿಅಕ್ಷರ
ಮಂಗಳವಾರ, ಮಧ್ಯಾಹ್ನ 2:31

ರ‍್ಯಾಲಿ ಅನ್ನೋದನ್ನು ಅರ್ಕಾವೊತ್ತಿನಲ್ಲಿ ರ್ಯಾಲಿ ಅಂತ ಬರೆದರೆ ಮಗು ಹೇಗೆ ಓದಬೇಕು ಹೇಳಿ.

ತರೀಕೆರೆ_ತಂತ್ರಾಂಶ
ಮಂಗಳವಾರ, ಸಂಜೆ 6:40

ಎರಡೂ ಬರೆಯಬಹುದು, ಜಗಳ ಬೇಡ. ಸುಮ್ನೆ ರ, ಹಲಂತ, ವ ಒತ್ತಿದರೆ ಅರ್ಕಾವೊತ್ತು ಬರುತ್ತದೆ. ರ ಆದ ಮೇಲೆ, ಹಲಂತಕ್ಕೆ ಮುಂಚೆ, ಕಾಣದ ಜೋಡಕ ಒಂದನ್ನು ಸೇರಿಸಿದರೆ ರ ನಿಂತು ವ ಕೆಳಗೆ ಬರುತ್ತದೆ. ರ ಬರೆದು, ಅಲ್ಲೇ 200, ಅದಕ್ಕಂಟಿಕೊಂಡು ಇಂಗ್ಲಿಷಿನ ಡಿ, ಆಮೇಲೆ ಆಲ್ಟ್ ಹಿಡಿದು ಎಕ್ಸ್ ಒತ್ತಿ. ವರ್ಡ್, ರೈಟರ್ ಎರಡರಲ್ಲೂ ನಡೆಯುತ್ತದೆ.

ಮೂಡಿಗೆರೆ_ಮಳೆಪುಸ್ತಕ
ಮಂಗಳವಾರ, ರಾತ್ರಿ 9:15

ಅಜ್ಜನ ಪುಸ್ತಕ ತೆಗೆದು ನೋಡಿದೆ. ಎಲ್ಲ ವರ್ಷವೂ ಅರ್ಕಾವೊತ್ತೇ. ಸು ಅಕ್ಷರದ ಕೊಂಬನ್ನು ಉದ್ದಕ್ಕೆ ಎಳೆದು ಅದರ ಕೆಳಗೆ ಮಳೆ ಲೆಕ್ಕ ಬರೆದಿದ್ದಾರೆ. ಹಾಗೇ ಇಡುತ್ತೇನೆ.

ಕಾಲಂ ಬೇರೆ ಮಾಡಿದೆ. 28 ವರ್ಷದ ಟೇಬಲ್ ಮಾಡಲು ಸಂಜೆಯೆಲ್ಲ ಹಿಡಿಯಿತು. 0.20, 1.05, 11.15, 18.40 ಎಲ್ಲದರ ಚುಕ್ಕಿ ಒಂದರ ಕೆಳಗೊಂದು ನಿಂತಿವೆ. ಸ್ಕ್ರೀನಿನ ಮೇಲೆ ಸ್ಕೇಲ್ ಇಟ್ಟು ನೋಡಿದೆ.

ಈಗ ಪ್ರೆಸ್ಸಿನವರು ಫೋನ್ ಮಾಡಿ ವರ್ಡ್ ಫೈಲ್ ಕಳಿಸಿ, ಪೇಜ್‌ಮೇಕರ್‌ಗೆ ಹಾಕಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಕಳಿಸಲಾ?

ಅಚ್ಚುಮೊಳೆ
ಮಂಗಳವಾರ, ರಾತ್ರಿ 9:22

ಕಳಿಸಬೇಡಿ! ಪೇಜ್‌ಮೇಕರ್ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಅವರು ನುಡಿಗೆ ತಿರುಗಿಸುತ್ತಾರೆ, ಆಗ ನೀವು ಮಾಡಿದ್ದೆಲ್ಲ ಹೋಗುತ್ತದೆ. ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಸೇರಿರುತ್ತದೆ. ಪುಟದ ಅಳತೆ, ಅಂಚು ಎಷ್ಟು ಬಿಡಬೇಕು ಅಂತ ಮೊದಲು ಅವರನ್ನು ಕೇಳಿಕೊಳ್ಳಿ. ಪಿಡಿಎಫ್ ಆದ ಮೇಲೆ ಒಂದು ಪುಟವನ್ನಾದರೂ ಕಾಗದದ ಮೇಲೆ ತೆಗೆದು ಒತ್ತಕ್ಷರ ಎಲ್ಲ ಓದಿ.

ಅರಸೀಕೆರೆ_ಲೇಸರ್
ಮಂಗಳವಾರ, ರಾತ್ರಿ 9:50

ಪಿಡಿಎಫ್ ನನಗೆ ಕಳಿಸಿ, ಒಳ್ಳೇ ಕಾಗದದಲ್ಲಿ ನಾಲ್ಕು ಪುಟ ತೆಗೆದು ಕೊಡುತ್ತೇನೆ. ದುಡ್ಡು ಬೇಡ. ಕಡೂರಿನ ಮೇಲೆ ಬರುವುದಿದ್ದರೆ ಅಲ್ಲಿಗೇ ತಲುಪಿಸುತ್ತೇನೆ. ಮಳೆ ಲೆಕ್ಕ ನೋಡುವ ಆಸೆ ನನಗೂ ಇದೆ, ನಮ್ಮ ಕಡೆ ಆರಿದ್ರಾ ಅಷ್ಟು ಸುರಿಯುವುದನ್ನು ನೋಡಿಯೇ ಇಲ್ಲ.

ಮೂಡಿಗೆರೆ_ಮಳೆಪುಸ್ತಕ
ಬುಧವಾರ, ಬೆಳಿಗ್ಗೆ 6:50

ಪಿಡಿಎಫ್ ಕೊಡುತ್ತೇನೆ ಅಂದೆ, ಪ್ರೆಸ್ಸಿನವರು ಒಪ್ಪಿದರು. ಅರಸೀಕೆರೆ ಅಣ್ಣ, ನಿಮಗೂ ಕಳಿಸಿದ್ದೇನೆ. ಪ್ರೂಫ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.

ಹೊಳೆನರಸೀಪುರ_ವರ್ಡ್
ಮುಂದಿನ ಗುರುವಾರ, ರಾತ್ರಿ 8:10

ಪ್ರೂಫ್ ಬಂತಾ ಸಾರ್?