ಮಾರುತಿ 800 ಒಳಗಿನ ಡೋರ್ ಹ್ಯಾಂಡಲ್ ಪಟ್ಟಿ ಎಲ್ಲಿ ಸಿಗ್ತದ?

ಕಲಬುರಗಿ ಹುಡುಗ: ಅಪ್ಪಾರ 1994ರ ಮಾರುತಿ 800 ಅದ ರೀ, ಎಂಜಿನ್ ಛಲೋ ಅದ ಆದ್ರ ಬಿಸಿಲಾಗ ನಿಂತು ನಿಂತು ಹ್ಯಾಂಡಲ್ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ಬಿಸ್ಕಿಟ್ ಮುರದಂಗ ಮುರದದ, ಸೂಪರ್ ಮಾರ್ಕೆಟ್ ಕಡೆ ಎಲ್ಲಾ ತಿರುಗಿದೆ ಸಿಗವಲ್ದು. ಯಾರಾದ್ರೂ ಮಾಡಿಸೀರೇನ್ರಿ?

ಬೀದರ್ ಗಾಡಿ: ಹೈದರಾಬಾದ್ ಹಳೆ ಸಾಮಾನಿನ ಗುಜರ್‍ಯಾಗ ನೋಡ್ರಿ, ಮುರದ ತುಂಡು ಕೈಯಾಗ ಹಿಡ್ಕೊಂಡೇ ಹೋಗ್ರಿ, ಎಡ ಬಲ ಬ್ಯಾರೆ ಇರ್ತಾವ.

ಶಹಾಪುರ: 3ಡಿ ಪ್ರಿಂಟ್ ಮಾಡಿಸಿದ್ರ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಬ್ಯಾಡೇ ಬ್ಯಾಡ, 60 ಡಿಗ್ರಿ ಸುತ್ತಮುತ್ತಾನೇ ಮೆತ್ತಗಾಗ್ತದ, ಮೇ ತಿಂಗಳದಾಗ ಗ್ಲಾಸ್ ಏರಿಸಿ ನಿಲ್ಲಿಸಿದ್ರ ಸೊಟ್ಟ ಆಗ್ತದ. ಎಎಸ್‌ಎ ಅನ್ನೋ ಬಿಸಿಲು ತಡಿಯೋ ಪ್ಲಾಸ್ಟಿಕ್ ಕೇಳ್ರಿ.

ಹಳೆ ಮೆಕ್ಯಾನಿಕ್: ತುಂಡು ಒಗಿಬ್ಯಾಡ್ರಪಾ. ತುಂಡಿನ ಹಿಂದ ಎಬಿಎಸ್ ಅಂತ ಪ್ಲಾಸ್ಟಿಕ್ ಹೆಸರು ಅಚ್ಚಾಗಿದ್ರ ಅದೇ ಪ್ಲಾಸ್ಟಿಕ್ ಚೂರು ಅಸಿಟೋನ್‌ದಾಗ ಕರಗಿಸಿ ಪೇಸ್ಟ್ ಮಾಡಿ ಹಿಂದಿನ ಮೈಗೆ ಹಚ್ಚು, ಒಂದು ದಿನ ಮುಟ್ಟಬ್ಯಾಡ. ಪಿಪಿ ಅಂತ ಇದ್ರ ಅದು ಬ್ಯಾರೆ ಪ್ಲಾಸ್ಟಿಕ್, ಈ ಪೇಸ್ಟ್ ಹಿಡಿಯಂಗಿಲ್ಲ.

ಕಲಬುರಗಿ ಹುಡುಗ: ತುಂಡು ಎಲ್ಲಾ ಡಬ್ಬ್ಯಾಗ ಇಟ್ಟೀನಿ ಕಾಕಾ, ಐತಾರ ಮಾಡಿ ಫೋಟೋ ಹಾಕ್ತೀನಿ.