ಅಪ್‌ಡೇಟ್: ಸೋದರಮಾವನ ಜೊತೆಗಿನ ಮದುವೆ ಜೆನೋಗ್ರಾಮ್‌ನಲ್ಲಿ ಎಲ್ಲಿ ಬರುತ್ತದೆ?

ಪುಣೆಯಲ್ಲಿ ಕೌನ್ಸೆಲಿಂಗ್ ಎಂ.ಎ. ಪ್ರಾಕ್ಟಿಕಲ್‌ಗೆ ಮೂರು ತಲೆಮಾರಿನ ಜೆನೋಗ್ರಾಮ್ (ಕುಟುಂಬದ ಸಂಬಂಧಗಳನ್ನು ಗುರುತು, ಗೆರೆಗಳಲ್ಲಿ ತೋರಿಸುವ ನಕ್ಷೆ) ಬರೆಯುವಾಗ, ಅಕ್ಕನ ಮಗಳನ್ನೇ ಮದುವೆಯಾದ ಕನ್ನಡ ಕುಟುಂಬವನ್ನು ಹೇಗೆ ತೋರಿಸುವುದು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಸೂಪರ್‌ವೈಸರ್ ಒಪ್ಪಿದ ಕ್ರಮ ಇದು.

ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮಕ್ಕಳು ಎಡದಿಂದ ಬಲಕ್ಕೆ ಹುಟ್ಟಿದ ಕ್ರಮದಲ್ಲಿ. ಇಲ್ಲಿಯವರೆಗೆ ಸಲೀಸು. ತೊಡಕಿರುವುದು ತಲೆಮಾರಿನ ಸಾಲಿನಲ್ಲಿ: ಗಂಡ ಎರಡನೇ ಸಾಲಿನವನು, ಹೆಂಡತಿ ಮೂರನೆಯದರವಳು. ಅವನನ್ನು ಕೆಳಗಿಳಿಸಿ ಅವಳ ಪಕ್ಕ ಕೂರಿಸಿದರೆ ಅವನು ತನ್ನ ಅತ್ತೆಯ ಸ್ವಂತ ತಮ್ಮ ಎಂಬುದೇ ಮಾಯವಾಗುತ್ತದೆ. ಅಕ್ಕನ ಸಾಲಿನಲ್ಲೇ ಬಿಟ್ಟು, ಹೆಂಡತಿಯವರೆಗೆ ಓರೆಯಾಗಿ ಜೋಡಿಗೆರೆ ಎಳೆಯಿರಿ. ರಕ್ತಸಂಬಂಧದ ಮದುವೆಗೆ ಅದೇ ಗುರುತು. ಆಪ್ತತೆಗೂ ಎರಡು ಗೆರೆ ಹಾಕುವ ರೂಢಿಯಿದೆ, ಆದ್ದರಿಂದ ಭಾವನಾತ್ಮಕ ಸಂಬಂಧದ ಗೆರೆಗಳಿಗೆಲ್ಲ ಬೇರೆ ಬಣ್ಣ ಬಳಸಿ, ಮೂಲೆಯಲ್ಲಿ ಸೂಚಿ ಬರೆಯಿರಿ.

ನಿಜವಾದ ವಿಷಯ ಇನ್ನು ಮುಂದೆ. ಇಲ್ಲಿ ಹೆಂಡತಿಗೆ ಅಜ್ಜಿಯೇ ಅತ್ತೆ, ಅಮ್ಮನೇ ಗಂಡನ ಅಕ್ಕ. ದಂಪತಿ ಜಗಳವಾಡಿದರೆ ಆ ತಾಯಿ ಮಗಳು-ತಮ್ಮನ ನಡುವೆ ಸಿಕ್ಕಿಕೊಳ್ಳುತ್ತಾಳೆ. ಕುಟುಂಬ ಚಿಕಿತ್ಸಕ ಬೋವೆನ್ ಹೇಳಿದ ತ್ರಿಕೋನ, ಅಂದರೆ ಇಬ್ಬರ ಬಿಕ್ಕಟ್ಟಿಗೆ ಮೂರನೆಯವರು ಎಳೆಯಲ್ಪಡುವುದು, ಕಣ್ಣೆದುರೇ ಇರುತ್ತದೆ. ಟಿಪ್ಪಣಿಯಲ್ಲಿ ಬರೀ ‘ಮದರ್ ಇನ್ ಲಾ’ ಎಂದು ಬರೆದರೆ ಇದು ಕಾಣುವುದೇ ಇಲ್ಲ. ಪ್ರತಿ ಗುರುತಿನ ಕೆಳಗೆ ಅವರು ಕರೆಯುವ ಕನ್ನಡ ಪದವನ್ನೇ ಬರೆಯಿರಿ. “ಮದುವೆಗೆ ಮುಂಚೆ ಇವರನ್ನ ಏನಂತ ಕರೀತಿದ್ರಿ?” ಎಂಬ ಒಂದು ಪ್ರಶ್ನೆ ಬಹಳಷ್ಟನ್ನು ಹೊರತರುತ್ತದೆ.

ಹೆಸರು, ಊರು ಬೇಡ, ವಯಸ್ಸು ಸಾಕು. ಪುಣೆಯ ಕನ್ನಡಿಗರ ವಲಯದಲ್ಲಿ ಊರಿನ ಹೆಸರೊಂದೇ ಗುರುತು ಹಿಡಿಸಿಬಿಡುತ್ತದೆ.